ಅರಮನೆಗೆ ಮುಂಚೆ ಕೆರೆ

ಮೈಸೂರಿಗೆ ಪ್ರವಾಸ ಹೊರಟವರ ಕೈಯಲ್ಲಿ ಒಂದು ಪಟ್ಟಿ ಇದ್ದೇ ಇರುತ್ತದೆ. ಚಾಮುಂಡಿ ಬೆಟ್ಟ, ಮೃಗಾಲಯ, ಅರಮನೆ, ಶ್ರೀರಂಗಪಟ್ಟಣ, ಕೊನೆಗೆ ಕೃಷ್ಣರಾಜಸಾಗರದ ಬೃಂದಾವನ. ನಾನು ಏಳನೆಯ ತರಗತಿಯಲ್ಲಿದ್ದಾಗ ಶಾಲೆಯ ಪ್ರವಾಸಕ್ಕೆ ಬಂದಾಗಲೂ ಇದೇ ಪಟ್ಟಿ. ಬೆಳಗಿನ ಜಾವ ಬಸ್ಸು ಹತ್ತಿದ ನಾವು, ರಾತ್ರಿ ಬಣ್ಣದ ಕಾರಂಜಿ ಚಿಮ್ಮುವ ಹೊತ್ತಿಗೆ ಒಬ್ಬರ ಹೆಗಲ ಮೇಲೊಬ್ಬರು ಒರಗಿ ನಿದ್ದೆ ಹೋಗಿದ್ದೆವು. ಶ್ರೀರಂಗಪಟ್ಟಣದ ಬಳಿ ‘ರಂಗನತಿಟ್ಟು’ ಎಂಬ ಫಲಕ ಕಂಡು, “ಸಾರ್, ಅಲ್ಲೇನಿದೆ?” ಎಂದು ಯಾರೋ ಕೇಳಿದ್ದರು. “ಕೊಕ್ಕರೆ ಕಣೋ, ನಮ್ಮೂರ ಗದ್ದೇಲಿ ಇಲ್ವಾ?” ಎಂದಿದ್ದರು ಮೇಷ್ಟ್ರು. ಬಸ್ಸು ನಿಲ್ಲಲಿಲ್ಲ.

ಆ ಫಲಕದ ಮುಂದೆ ಕೊನೆಗೂ ಬಸ್ಸಿಳಿದದ್ದು 2025ರ ಫೆಬ್ರುವರಿ 2ರಂದು, ಭಾನುವಾರ. ಅಷ್ಟು ಹೊತ್ತಿಗೆ ನಾನು ಇಬ್ಬರು ಮಕ್ಕಳ ತಂದೆ.

ತುಮಕೂರು ಜಿಲ್ಲೆಯ ನಮ್ಮೂರಿನಿಂದ ಶನಿವಾರ ರಾತ್ರಿಯೇ ಮೈಸೂರಿನ ಸರಸ್ವತಿಪುರಂನಲ್ಲಿರುವ ಅಕ್ಕನ ಮನೆ ಸೇರಿದ್ದೆವು. ಒಂಬತ್ತನೆಯ ತರಗತಿಯ ಮಗಳು, ಆರನೆಯ ತರಗತಿಯ ಮಗ, ಮತ್ತು ನಾನು. ಮಗ ಊಟಕ್ಕೆ ಕೂತವನೇ ಜೇಬಿನಿಂದ ಪಟ್ಟಿ ತೆಗೆದ. ಒಂದೇ ದಿನಕ್ಕೆ ಹತ್ತು ಸ್ಥಳಗಳು! ಭಾವ ನಿವೃತ್ತ ವಿಜ್ಞಾನದ ಮೇಷ್ಟ್ರು. ಕನ್ನಡಕ ಮೂಗಿಗೇರಿಸಿ ಪಟ್ಟಿಯನ್ನು ಓದಿ, ಉತ್ತರ ಪತ್ರಿಕೆ ತಿದ್ದುವವರಂತೆ ಆರಕ್ಕೆ ಗೀಟು ಹಾಕಿದರು. ಬದಲಿಗೆ ಎರಡು ಹೊಸ ಹೆಸರು ಬರೆದರು. ಎರಡೂ ಕೆರೆಗಳು.

“ಮಾವ, ಕೆರೆ ನಮ್ಮೂರಲ್ಲೂ ಇದೆ” ಎಂದ ಮಗ.

“ಇದೆಯಲ್ಲ, ಅದಕ್ಕೇ ನೋಡ್ಬೇಕು. ಅರಮನೆಗೆ ಮುಂಚೆ ಕೆರೆ ನೋಡು. ಆಮೇಲೆ ಅರಮನೆ ಬೇರೆ ಥರ ಕಾಣತ್ತೆ” ಎಂದರು ಭಾವ.

ನಾನು ಸುಮ್ಮನೆ ಮುದ್ದೆ ಮುರಿಯುತ್ತಿದ್ದೆ. ನಮ್ಮೂರ ಕೆರೆಯ ಮಾತು ಬಂದರೆ ನನಗೆ ಸ್ವಲ್ಪ ಇರುಸುಮುರುಸು. ಅದಕ್ಕೆ ಕಾರಣವಿತ್ತು. ಮುಂದೆ ಹೇಳುತ್ತೇನೆ.

ಕುಕ್ಕರಹಳ್ಳಿಯ ಬೆಳಗು

ಬೆಳಿಗ್ಗೆ ಆರೂವರೆಗೆ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲಿದ್ದೆವು. ಅಕ್ಕನ ಮನೆಯಿಂದ ನಡಿಗೆಯ ದೂರ. ನೀರಿನ ಮೇಲೆ ತೆಳುವಾಗಿ ಮಂಜು. ವಾಕಿಂಗ್ ಬಂದವರ ಸಾಲು ಆಗಲೇ ಶುರುವಾಗಿತ್ತು. ಮಫ್ಲರ್ ಸುತ್ತಿಕೊಂಡ ಹಿರಿಯರು, ಓಡುವ ಕಾಲೇಜು ಹುಡುಗರು, ಮೊಮ್ಮಕ್ಕಳ ಕೈಹಿಡಿದ ಅಜ್ಜಿಯರು.

ಈ ಕೆರೆಯನ್ನು 1864ರಲ್ಲಿ ಕಟ್ಟಿಸಿದವರು ಮುಮ್ಮಡಿ ಕೃಷ್ಣರಾಜ ಒಡೆಯರು. ಊರಾಚೆಯ ಹೊಲಗದ್ದೆಗಳಿಗೆ ನೀರುಣಿಸುವುದು ಉದ್ದೇಶವಾಗಿತ್ತು. ಇವತ್ತು ಊರೇ ಕೆರೆಯನ್ನು ದಾಟಿ ಎಷ್ಟೋ ದೂರ ಹೋಗಿದೆ. ಕೆರೆಯ ಮಗ್ಗುಲಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿ. ಆ ಹೆಸರಿಟ್ಟವರು ಕುವೆಂಪು. ಅವರೂ, ಮಾಲ್ಗುಡಿಯನ್ನು ಸೃಷ್ಟಿಸಿದ ಆರ್.ಕೆ. ನಾರಾಯಣ್ ಅವರೂ ಈ ದಂಡೆಯಲ್ಲಿ ನಡೆದಾಡಿದವರು. “ಪುಸ್ತಕದಲ್ಲಿ ಓದ್ತೀವಲ್ಲ, ಅವರೇನಾ?” ಎಂದು ಮಗಳು ಕಾಲ ಕೆಳಗಿನ ಮಣ್ಣನ್ನೊಮ್ಮೆ ನೋಡಿಕೊಂಡಳು.

ಮಂಜು ಸರಿದಂತೆ ಹಕ್ಕಿಗಳು ಒಂದೊಂದಾಗಿ ಕಾಣತೊಡಗಿದವು. ಮೊದಲು ಕಂಡದ್ದು ಹೆಜ್ಜಾರ್ಲೆ. ನೀರಿನ ಮೇಲೆ ಕುಳಿತಿದ್ದಾಗ ದಪ್ಪ ಬಾತುಕೋಳಿಯಂತೆ ಕಂಡಿತು. ಹಾರಲು ರೆಕ್ಕೆ ಬಿಚ್ಚಿದಾಗ ಮಗ ಬಾಯಿ ತೆರೆದ. ರೆಕ್ಕೆಯ ತುದಿಯಿಂದ ತುದಿಗೆ ಏಳು ಅಡಿಗೂ ಹೆಚ್ಚು. ನಾಲ್ಕೈದು ಕಿಲೋ ತೂಗುವ ಈ ಹಕ್ಕಿ ನೀರಿನ ಮೇಲೆ ದಬದಬನೆ ಓಡಿ, ಒದ್ದಾಡಿ ಮೇಲೇಳುತ್ತದೆ. ಒಮ್ಮೆ ಮೇಲೇರಿತೆಂದರೆ ಗಾಳಿಯಲ್ಲಿ ತೇಲುವ ಚಂದವೇ ಬೇರೆ.

ಭಾವ ಕೊರಳಿಗೆ ಹಾಕಿಕೊಂಡಿದ್ದ ದುರ್ಬೀನನ್ನು ಮಕ್ಕಳಿಗೆ ಕೊಟ್ಟು ಒಂದೊಂದನ್ನೇ ತೋರಿಸಿದರು. ಒಣ ಕೊಂಬೆಯ ಮೇಲೆ ಬಟ್ಟೆ ಒಣಹಾಕಿದಂತೆ ರೆಕ್ಕೆ ಹರಡಿ ಕೂತದ್ದು ನೀರುಕಾಗೆ. ಹಾವಿನಂತೆ ಕತ್ತು ಮಾತ್ರ ನೀರಿನಿಂದೆತ್ತಿ ಈಜುತ್ತಿದ್ದದ್ದು ಹಾವಕ್ಕಿ. ಹಣೆಗೆ ಬಿಳಿ ನಾಮ ಎಳೆದ ಕಪ್ಪು ಹಕ್ಕಿ ನಾಮದ ಕೋಳಿ. ಜೊಂಡಿನ ನಡುವೆ ನೇರಳೆ ಬಣ್ಣ ಮಿಂಚಿಸುತ್ತಾ ನಡೆದದ್ದು ಜಂಬುಕೋಳಿ. ಮಗಳು ತನ್ನ ಪುಟ್ಟ ಪುಸ್ತಕದಲ್ಲಿ ಹೆಸರು ಬರೆದುಕೊಳ್ಳುತ್ತಾ ಹೋದಳು. ಏರಿ ಮುಗಿಯುವಷ್ಟರಲ್ಲಿ ಹದಿನಾಲ್ಕು ಆಗಿತ್ತು.

“ಮಾವ, ಇಷ್ಟೊಂದು ಹಕ್ಕಿ ಒಂದೇ ಕೆರೇಲಿ ಇದ್ರೆ ಜಗಳ ಆಡಲ್ವಾ?” ಮಗ ಕೇಳಿದ.

“ಒಳ್ಳೇ ಪ್ರಶ್ನೆ. ಉತ್ತರ ಇಲ್ಲಿ ಹೇಳಲ್ಲ, ರಂಗನತಿಟ್ಟಲ್ಲಿ” ಎಂದರು ಮೇಷ್ಟ್ರು.

ಏರಿಯ ಒಂದು ಮೂಲೆಯಲ್ಲಿ ನೀರಿನ ಬಣ್ಣ ಬೇರೆಯಾಗಿತ್ತು, ಸಣ್ಣಗೆ ವಾಸನೆಯೂ ಇತ್ತು. ಸುತ್ತಲಿನ ಬಡಾವಣೆಗಳ ಕೊಳಚೆ ಕೆರೆಗೆ ಸೇರುವ ಸಮಸ್ಯೆ ಇಲ್ಲಿ ಬಹಳ ಹಳೆಯದು. ಅದರ ವಿರುದ್ಧ ಮೈಸೂರಿನ ಜನ ದನಿ ಎತ್ತುತ್ತಲೇ ಬಂದಿದ್ದಾರೆ. “ರಾಜರು ಒಂದ್ಸಲ ಕಟ್ಟಿದ್ರು. ಕಾಯೋ ಕೆಲಸ ದಿನಾ ಇರತ್ತೆ” ಎಂದರು ಭಾವ. ಊರಿನ ಇನ್ನೊಂದು ಬದಿಯಲ್ಲಿರುವ ಲಿಂಗಾಂಬುಧಿ ಕೆರೆಯೂ ಮುಮ್ಮಡಿಯವರ ಕಾಲದ್ದೇ. 1828ರಲ್ಲಿ ತಮ್ಮ ರಾಣಿ ಲಿಂಗಾಜಮ್ಮಣ್ಣಿಯವರ ಹೆಸರಿನಲ್ಲಿ ಕಟ್ಟಿಸಿದ್ದು. ಹೆಂಡತಿಯ ಹೆಸರಿನಲ್ಲಿ ಮಹಲು ಕಟ್ಟಿಸಿದವರ ಕಥೆ ನಮಗೆಲ್ಲ ಗೊತ್ತು. ಕೆರೆ ಕಟ್ಟಿಸಿದವರ ಕಥೆಯನ್ನು ಮಕ್ಕಳಿಗೆ ಹೇಳುವವರು ಕಡಿಮೆ.

ನಡುಗಡ್ಡೆಗಳ ಊರು

ಅಕ್ಕ ಮಾಡಿದ ದೋಸೆ ತಿಂದು, ಬುತ್ತಿಗೆ ಚಿತ್ರಾನ್ನ ಕಟ್ಟಿಸಿಕೊಂಡು ಶ್ರೀರಂಗಪಟ್ಟಣದ ಬಸ್ಸು ಹಿಡಿದೆವು. ಶ್ರೀರಂಗಪಟ್ಟಣ ತಲುಪುವ ಮುನ್ನ, ಹೆದ್ದಾರಿಯಿಂದ ಎಡಕ್ಕೆ ತಿರುಗುವ ದಾರಿಯ ಬಳಿ ಇಳಿದಾಗ ನನ್ನ ಬಾಲ್ಯದ ಫಲಕ ನೆನಪಾಯಿತು. ಅಲ್ಲಿಂದ ಆಟೊದಲ್ಲಿ ಸ್ವಲ್ಪ ದೂರ. ಇಕ್ಕೆಲಗಳಲ್ಲಿ ಕಬ್ಬು, ಭತ್ತ, ತೆಂಗು.

ರಂಗನತಿಟ್ಟು ಮಂಡ್ಯ ಜಿಲ್ಲೆಗೆ ಸೇರಿದ್ದರೂ ಮೈಸೂರಿಗೆ ಹೆಚ್ಚು ದೂರವಲ್ಲ, ಹದಿನೆಂಟು ಕಿಲೋಮೀಟರಿನ ಆಸುಪಾಸು. ಇದು ಕೆರೆಯಲ್ಲ, ಕಾವೇರಿ ನದಿಯೇ. ಹದಿನೇಳನೆಯ ಶತಮಾನದ ನಡುಭಾಗದಲ್ಲಿ, ರಣಧೀರ ಕಂಠೀರವ ಎಂದು ನಾವೆಲ್ಲ ಬಲ್ಲ ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ, ಇಲ್ಲಿ ನದಿಗೆ ಅಡ್ಡಲಾಗಿ ಒಂದು ಕಟ್ಟೆ ಕಟ್ಟಿದರು. ನೀರು ನಿಂತಿತು, ಹರಡಿತು. ಬಂಡೆ, ಮಣ್ಣಿನ ದಿಬ್ಬಗಳು ನಡುಗಡ್ಡೆಗಳಾದವು. ಅವುಗಳ ಮೇಲೆ ಮರ ಬೆಳೆದವು. ಮರಗಳಿಗೆ ಹಕ್ಕಿಗಳು ಬಂದವು. ಅರಸರು ಯೋಚಿಸಿದ್ದು ಗದ್ದೆಗೆ ನೀರು ಹರಿಸುವುದನ್ನು. ಹಕ್ಕಿಗಳು ಅದನ್ನು ತಮ್ಮ ಊರು ಮಾಡಿಕೊಂಡವು.

ಮುನ್ನೂರು ವರ್ಷ ಇದು ಸುತ್ತಲಿನ ರೈತರಿಗೆ ಮಾತ್ರ ಗೊತ್ತಿದ್ದ ಜಾಗ. ಮೈಸೂರು ಸಂಸ್ಥಾನದ ಹಕ್ಕಿಗಳ ಅಧ್ಯಯನಕ್ಕಾಗಿ ಸುತ್ತುತ್ತಿದ್ದ ಪಕ್ಷಿತಜ್ಞ ಸಲೀಂ ಅಲಿ ಈ ನಡುಗಡ್ಡೆಗಳನ್ನು ಕಂಡು, ಇದನ್ನು ಕಾಪಾಡಬೇಕೆಂದು ಅರಸರಿಗೆ ತಿಳಿಸಿದರು. 1940ರಲ್ಲಿ ಇದು ಪಕ್ಷಿಧಾಮವಾಯಿತು. ದೇಶಕ್ಕೆ ಸ್ವಾತಂತ್ರ್ಯ ಬರುವ ಏಳು ವರ್ಷ ಮೊದಲು!

ದೋಣಿ ನೀರಿಗಿಳಿಯಿತು. ಹುಟ್ಟು ಹಾಕುವಾತ ಇಲಾಖೆಯ ಸಿಬ್ಬಂದಿ, ಹಕ್ಕಿಗಳ ಹೆಸರನ್ನು ಕನ್ನಡ, ಇಂಗ್ಲಿಷ್, ಹಿಂದಿ ಮೂರರಲ್ಲೂ ಪಟಪಟನೆ ಹೇಳಬಲ್ಲ. ಮೊದಲ ನಡುಗಡ್ಡೆಯ ಹತ್ತಿರ ಬರುತ್ತಲೇ ಸಂತೆಯಂತಹ ಗದ್ದಲ. ಮರದ ತುಂಬ ಬಣ್ಣದ ಕೊಕ್ಕರೆಗಳು. ಹಳದಿ ಕೊಕ್ಕು, ಕೆಂಬಣ್ಣದ ಮುಖ, ರೆಕ್ಕೆಯ ಹಿಂಭಾಗದಲ್ಲಿ ಯಾರೋ ಓಕುಳಿ ಎರಚಿದಂತಹ ಗುಲಾಬಿ. ಗಂಡೊಂದು ಉದ್ದನೆಯ ಕಡ್ಡಿ ತಂದು ಕೊಟ್ಟಿತು. ಹೆಣ್ಣು ಅದನ್ನು ಗೂಡಿನಲ್ಲಿ ಇಟ್ಟು, ತೆಗೆದು, ಮತ್ತೆ ಇಟ್ಟು ನೋಡಿತು. “ಅತ್ತೆ ಹೂಕುಂಡ ಜೋಡಿಸೋ ಹಾಗೆ” ಎಂದು ಮಗಳು ನಕ್ಕಳು.

ಬೆಳಗಿನ ಪ್ರಶ್ನೆಗೆ ಭಾವ ಈಗ ಉತ್ತರ ಕೊಟ್ಟರು. “ಕೊಕ್ಕು ನೋಡು. ಒಬ್ಬೊಬ್ಬರದು ಒಂದೊಂದು ಹತಾರ.” ಬಣ್ಣದ ಕೊಕ್ಕರೆ ತೆಳುನೀರಿನಲ್ಲಿ ಕೊಕ್ಕನ್ನು ಅರ್ಧ ತೆರೆದು ಅದ್ದಿ ನಡೆಯುತ್ತದೆ. ಮೀನು ತಾಗಿದರೆ ತಟ್ಟನೆ ಮುಚ್ಚುತ್ತದೆ, ಕಣ್ಣಿನ ಹಂಗೇ ಬೇಡ. ಬಾಯ್ಕಳಕದ ಕೊಕ್ಕುಗಳ ನಡುವೆ ಅಡಕೆ ಕತ್ತರಿಯಂತೆ ಸಂದು. ಬಸವನಹುಳು ಅದಕ್ಕೆ ಇಷ್ಟದ ಆಹಾರ. ಚಮಚದಂತಹ ಕೊಕ್ಕಿನ ಕೊಕ್ಕರೆ ನೀರನ್ನು ಅತ್ತಿಂದಿತ್ತ ಕಲಕುತ್ತಾ ಸಣ್ಣ ಜೀವಿಗಳನ್ನು ಸೋಸುತ್ತದೆ. ಕಪ್ಪು ತಲೆಯ ಬಿಳಿ ಕೆಂಬರಲು ಬಾಗಿದ ಕೊಕ್ಕಿನಿಂದ ಕೆಸರು ಕೆದಕುತ್ತದೆ. ಹೆಜ್ಜಾರ್ಲೆ ಗಂಟಲ ಚೀಲವನ್ನೇ ಬಲೆ ಮಾಡಿ ಮೀನು ಮೊಗೆಯುತ್ತದೆ. ನೀರುಕಾಗೆ ಮುಳುಗಿ ಬೆನ್ನಟ್ಟುತ್ತದೆ. ಕೆಸರು, ತೆಳುನೀರು, ಆಳದ ನೀರು ಎಂದು ಜಾಗವನ್ನು ಹಂಚಿಕೊಂಡಿರುವುದರಿಂದ ಒಂದೇ ಮರದಲ್ಲಿ ಸಂಸಾರ ಹೂಡಿದರೂ ಊಟಕ್ಕೆ ಹೆಚ್ಚು ಜಗಳವಿಲ್ಲ.

“ಹಂಗಾದ್ರೆ ಕೆರೆ ಎಲ್ಲಾ ಕಡೆ ಒಂದೇ ಆಳ ಇದ್ರೆ?” ಮಗಳು ಕೇಳಿದಳು.

“ಅಂಚು ಕಡಿದು ಸುತ್ತ ಕಲ್ಲು ಕಟ್ಟಿ ತೊಟ್ಟಿ ಥರ ಮಾಡಿದ್ರೆ ನೋಡೋಕೆ ಚಂದ. ಕೆಸರಲ್ಲಿ ತಿನ್ನೋವ್ರಿಗೆ ಮಾತ್ರ ಉಪವಾಸ.”

ಅಷ್ಟರಲ್ಲಿ ದೋಣಿಯಾತ ಸದ್ದು ಮಾಡದಂತೆ ಸನ್ನೆ ಮಾಡಿದ. ಬಂಡೆಯ ಮೇಲೆ ಬಂಡೆಯದೇ ಬಣ್ಣದ ಮೊಸಳೆ ಬಾಯಿ ತೆರೆದು ಬಿಸಿಲು ಕಾಯಿಸುತ್ತಿತ್ತು. ಮಗ ನನ್ನ ತೋಳು ಹಿಡಿದ. ಮೊಸಳೆ ಇರುವಲ್ಲಿ ಹಕ್ಕಿಗಳೇಕೆ ಗೂಡು ಕಟ್ಟುತ್ತವೆ? ನಾಲ್ಕೂ ಕಡೆ ನೀರು, ನೀರಿನಲ್ಲಿ ಮೊಸಳೆ. ಗೂಡು ದೋಚಲು ಬರುವ ಪ್ರಾಣಿಗಳಿಗೆ ನಡುಗಡ್ಡೆಗೆ ದಾಟುವ ಧೈರ್ಯ ಬರಬೇಕಲ್ಲ! ಆಗೊಮ್ಮೆ ಈಗೊಮ್ಮೆ ಕೆಳಗೆ ಬಿದ್ದ ಮರಿ ಮೊಸಳೆಯ ಪಾಲು. ಕಾವಲಿನ ಕೂಲಿ ಎಂದುಕೊಳ್ಳಬಹುದು. ಇನ್ನೊಂದು ನಡುಗಡ್ಡೆಯ ಮರಗಳಲ್ಲಿ ದೊಡ್ಡ ಬಾವಲಿಗಳು ಮಾಗಿದ ಹಣ್ಣಿನಂತೆ ತಲೆಕೆಳಗಾಗಿ ತೂಗುತ್ತಿದ್ದವು.

ಈ ಹಕ್ಕಿಗಳ ಊಟ ಪಕ್ಷಿಧಾಮದೊಳಗೆ ಮಾತ್ರವಿಲ್ಲ ಎಂಬುದನ್ನೂ ತಿಳಿದಿರಬೇಕು. ವಿರಿಜಾ ನಾಲೆ, ಚಿಕ್ಕದೇವರಾಯಸಾಗರ ನಾಲೆಗಳಂತಹ ಕಾಲುವೆಗಳ ಕೆಳಗಿನ ಭತ್ತದ ಗದ್ದೆಗಳು, ಸುತ್ತಲಿನ ಊರುಗಳ ಕೆರೆಗಳು ಇವುಗಳ ಅಡುಗೆಮನೆ. ಇಲ್ಲಿರುವುದು ತೊಟ್ಟಿಲು. ಅಡುಗೆಮನೆ ಮುಚ್ಚಿದರೆ ತೊಟ್ಟಿಲು ಉಳಿಯುವುದೆಂತು?

ತೊಟ್ಟಿಲಿಗೂ ಅಪಾಯ ತಪ್ಪಿದ್ದಲ್ಲ. ಮೇಲೆ ಕೃಷ್ಣರಾಜಸಾಗರ ತುಂಬಿ ಹೆಚ್ಚಿನ ನೀರು ಬಿಟ್ಟಾಗ ನಡುಗಡ್ಡೆಗಳು ಮುಳುಗುತ್ತವೆ. 2018 ಮತ್ತು 2019ರ ಮಳೆಗಾಲದಲ್ಲಿ ಹೀಗೇ ಆಗಿ ದೋಣಿ ವಿಹಾರ ನಿಲ್ಲಿಸಬೇಕಾಯಿತು. ದಡಗಳು ಕೊಚ್ಚಿಹೋಗದಂತೆ ಮರಳು ಮೂಟೆ, ತಂತಿಬಲೆಯ ಕಲ್ಲುಗೋಡೆಗಳನ್ನು ಹಾಕಿ ನಡುಗಡ್ಡೆಗಳನ್ನು ಉಳಿಸಿಕೊಳ್ಳಲಾಗುತ್ತಿದೆ.

ನಾವು ಹೋದ ದಿನಕ್ಕೂ ಒಂದು ವಿಶೇಷವಿತ್ತು. 1971ರ ಫೆಬ್ರುವರಿ 2ರಂದು ಇರಾನ್ ದೇಶದ ರಾಮ್ಸಾರ್ ಎಂಬ ಊರಿನಲ್ಲಿ ಹಲವು ದೇಶಗಳು ಸೇರಿ, ಕೆರೆ, ಜೌಗು, ಅಳಿವೆಗಳಂತಹ ಜಲಭೂಮಿಗಳನ್ನು ಕಾಪಾಡುವ ಒಪ್ಪಂದ ಮಾಡಿಕೊಂಡವು. ಅದಕ್ಕಾಗಿಯೇ ಆ ದಿನ ವಿಶ್ವ ಜಲಭೂಮಿ ದಿನ. ರಂಗನತಿಟ್ಟು ಆ ಪಟ್ಟಿಗೆ ಸೇರಿದ್ದು 2022ರಲ್ಲಿ, ಕರ್ನಾಟಕದಿಂದ ಮೊದಲನೆಯದಾಗಿ. 2024ರಲ್ಲಿ ವಿಜಯನಗರ ಜಿಲ್ಲೆಯ ಅಂಕಸಮುದ್ರ, ಗದಗ ಜಿಲ್ಲೆಯ ಮಾಗಡಿ ಕೆರೆ ಮತ್ತು ಉತ್ತರ ಕನ್ನಡದ ಅಘನಾಶಿನಿ ಅಳಿವೆ ಸೇರಿಕೊಂಡವು. ಅಂಕಸಮುದ್ರ, ಮಾಗಡಿ ಎರಡೂ ನಮ್ಮೂರಿನಂತಹ ಹಳ್ಳಿಗಳ ಕೆರೆಗಳೇ ಎಂದು ಭಾವ ಹೇಳಿದಾಗ, ಮಗಳು ನನ್ನ ಮುಖ ನೋಡಿದಳು. ನಾನು ನೀರಿನ ಕಡೆ ತಿರುಗಿದೆ.

ಒಂದು ಅರ್ಜಿಯ ವಿಷಯ

ಈಗ ಹೇಳಲೇಬೇಕು. ನಮ್ಮ ಬಡಾವಣೆಯ ಹಿಂದೆ ಒಂದು ಕೆರೆ ಇದೆ. ಮಳೆಗಾಲದಲ್ಲಿ ಮಾತ್ರ ನೀರು. ಉಳಿದಂತೆ ಗಿಡಗಂಟಿ, ಪ್ಲಾಸ್ಟಿಕ್ಕು, ಸೊಳ್ಳೆ. ಹಿಂದಿನ ಡಿಸೆಂಬರಿನಲ್ಲಿ ಬಡಾವಣೆಯ ನಿವಾಸಿಗಳು ಸಭೆ ಸೇರಿ, ಆ ಕೆರೆಯನ್ನು ಮುಚ್ಚಿ ಮಕ್ಕಳಿಗೆ ಆಟದ ಮೈದಾನ ಮಾಡಿಕೊಡಬೇಕೆಂದು ಅರ್ಜಿ ಬರೆದಿದ್ದೆವು. ಮುನ್ನೂರು ಸಹಿ ಕೂಡಿಸಿ ಪುರಸಭೆಗೆ ಕೊಡುವುದೆಂದು ತೀರ್ಮಾನ. ನನ್ನದು ನಾಲ್ಕನೆಯ ಸಹಿ. ಅರ್ಜಿಯನ್ನು ಅಂದವಾಗಿ ಬರೆದುಕೊಟ್ಟವಳು ನನ್ನ ಮಗಳು, ಅವಳ ಕೈಬರಹ ಮುತ್ತು ಪೋಣಿಸಿದಂತಿದೆ ಎಂದು.

ರಂಗನತಿಟ್ಟಿನ ಮರದ ನೆರಳಿನಲ್ಲಿ ಚಿತ್ರಾನ್ನದ ಬುತ್ತಿ ಬಿಚ್ಚಿದಾಗ ಅವಳೇ ಅದನ್ನು ಭಾವನ ಮುಂದೆ ಹೇಳಿದಳು. ನನಗೆ ತುತ್ತು ಇಳಿಯಲಿಲ್ಲ. ಭಾವ ಬೈಯಲಿಲ್ಲ.

“ಮಕ್ಕಳಿಗೆ ಮೈದಾನ ಬೇಡ್ವಾ ಭಾವ?” ನಾನೇ ಕೇಳಿದೆ.

“ಬೇಕಪ್ಪ, ಖಂಡಿತ ಬೇಕು. ಮೈದಾನ ಎಲ್ಲಿ ಬೇಕಾದ್ರೂ ಮಾಡಬಹುದು. ಕೆರೆ ಹಂಗಲ್ಲ. ನೆಲ ಯಾವ ಕಡೆ ಇಳಿಜಾರಿದೆಯೋ ಅಲ್ಲೇ ಹಿರಿಯರು ಏರಿ ಹಾಕಿರ್ತಾರೆ. ನೀನು ಕೆರೆ ಮುಚ್ಚಿದ್ರೂ ಮಳೆ ನೀರಿಗೆ ದಾರಿ ಗೊತ್ತು. ಅದು ಬರೋದು ಅಲ್ಲಿಗೇ. ಆಗ ಎದುರಿಗೆ ಸಿಗೋದು ನಿಮ್ಮ ಮನೆಗಳು.”

ಮುಂದೆ ಆ ಮಾತು ಬೆಳೆಯಲಿಲ್ಲ. ಶ್ರೀರಂಗಪಟ್ಟಣದಲ್ಲಿ ರಂಗನಾಥನ ದರ್ಶನ ಮಾಡಿ, 1799ರ ಮೇ 4ರಂದು ಟಿಪ್ಪು ಸುಲ್ತಾನ್ ಹೋರಾಡುತ್ತಾ ಮಡಿದ ಕೋಟೆಯನ್ನು ನೋಡಿದೆವು. ಸುತ್ತ ಕಾವೇರಿ ಇದ್ದುದರಿಂದಲೇ ಈ ದ್ವೀಪ ರಾಜಧಾನಿಯಾಯಿತು, ಕೋಟೆಗೆ ನದಿಯೇ ಕಂದಕ ಎಂದು ಮಗಳು ತಾನಾಗಿಯೇ ಹೇಳಿದಳು. ಪಟ್ಟಿಯಲ್ಲಿ ಉಳಿದದ್ದು ಅರಮನೆ.

ಕಾವೇರಿಯ ಬೆಳಕು

ಅರಮನೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಹೊಕ್ಕಾಗ ಎರಡೂವರೆ ಗಂಟೆ. ಹಳೆಯ ಮರದ ಅರಮನೆ 1897ರಲ್ಲಿ, ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ಮದುವೆಯ ಸಂದರ್ಭದಲ್ಲಿ ಬೆಂಕಿಗೆ ಆಹುತಿಯಾಯಿತು. ಹೆನ್ರಿ ಇರ್ವಿನ್ ಎಂಬ ವಾಸ್ತುಶಿಲ್ಪಿಯ ವಿನ್ಯಾಸದಲ್ಲಿ ಈಗಿನ ಅರಮನೆ 1912ರಲ್ಲಿ ಪೂರ್ಣಗೊಂಡಿತು. ಖರ್ಚಾದದ್ದು 41 ಲಕ್ಷ ರೂಪಾಯಿಗೂ ಹೆಚ್ಚು. ಗೊಂಬೆ ತೊಟ್ಟಿ, ಜಂಬೂಸವಾರಿಯ ವರ್ಣಚಿತ್ರಗಳು, ದರ್ಬಾರ್ ಸಭಾಂಗಣದ ಸಾಲುಕಂಬಗಳು, ಚಿನ್ನದ ಅಂಬಾರಿ. ಯಾವುದನ್ನು ನೋಡಬೇಕು, ಯಾವುದನ್ನು ಬಿಡಬೇಕು?

ಕಲ್ಯಾಣ ಮಂಟಪದಲ್ಲಿ ಮಕ್ಕಳು ತಲೆ ಎತ್ತಿ ನಿಂತುಬಿಟ್ಟರು. ಎಂಟು ಮೂಲೆಯ ಆ ಮಂಟಪದ ಚಾವಣಿಯ ಬಣ್ಣದ ಗಾಜುಗಳಲ್ಲಿ ನವಿಲುಗಳು. ಅವನ್ನು ಹೊತ್ತ ಎರಕದ ಕಬ್ಬಿಣದ ಕಂಬಗಳು ಸ್ಕಾಟ್ಲೆಂಡಿನ ಗ್ಲಾಸ್ಗೋದಿಂದ ಬಂದವು. “ಹೊರಗೆ ಕೊಕ್ಕರೆ, ಒಳಗೆ ನವಿಲು. ಇವತ್ತೆಲ್ಲಾ ಹಕ್ಕೀನೇ” ಎಂದ ಮಗ. ಹತ್ತು ಸ್ಥಳ ಹೋಗಿ ನಾಲ್ಕಾಯಿತೆಂಬ ಕೋಪ ಅವನಿಗೆ ಅಷ್ಟು ಹೊತ್ತಿಗೆ ಮರೆತುಹೋಗಿತ್ತು.

ಅರಮನೆಯ ಕೋಟೆಯೊಳಗೆ ಪ್ರವಾಸಿಗರು ಹೆಚ್ಚಾಗಿ ಗಮನಿಸದ ಒಂದು ಗುಡಿ ಇದೆ, ಕೋಡಿ ಭೈರವನದು. ಕೋಡಿ ಎಂದರೆ ಕೆರೆ ತುಂಬಿದಾಗ ಹೆಚ್ಚಿನ ನೀರು ಹರಿದುಹೋಗುವ ಜಾಗ. ಅರಮನೆಯಲ್ಲಿ ಕೋಡಿ ಎಲ್ಲಿಂದ ಬಂತು? ಇಲ್ಲೊಂದು ಕೆರೆ ಇತ್ತು, ದೊಡ್ಡಕೆರೆ. ದ್ವಾರಕೆಯ ಕಡೆಯಿಂದ ಬಂದ ಯದುರಾಯ ಮತ್ತು ಕೃಷ್ಣರಾಯರೆಂಬ ಅಣ್ಣತಮ್ಮಂದಿರು ಕೆರೆಯ ಬಳಿಯ ಈ ಗುಡಿಯಲ್ಲಿ ತಂಗಿದ್ದರಂತೆ. ನೀರಿಗೆ ಬಂದ ಹೆಂಗಸರ ಮಾತಿನಿಂದ ಇಲ್ಲಿನ ರಾಣಿ ಮತ್ತು ರಾಜಕುಮಾರಿಗೆ ಒದಗಿದ್ದ ಆಪತ್ತನ್ನು ತಿಳಿದರಂತೆ. ಶತ್ರುವನ್ನು ಸೋಲಿಸಿದ ಯದುರಾಯ ರಾಜಕುಮಾರಿಯನ್ನು ಮದುವೆಯಾಗಿ 1399ರಲ್ಲಿ ಒಡೆಯರ ವಂಶಕ್ಕೆ ಮೂಲಪುರುಷನಾದ ಎಂಬುದು ಐತಿಹ್ಯ. ಕಥೆ ಎಷ್ಟು ನಿಜವೋ, ಮೈಸೂರು ತನ್ನ ಅರಸುಮನೆತನದ ಕಥೆಯನ್ನು ಕೆರೆಯ ದಂಡೆಯಿಂದಲೇ ಶುರುಮಾಡುತ್ತದೆ ಎಂಬುದಂತೂ ನಿಜ.

ಮತ್ತೆ ಬದುಕಿದ ಕೆರೆ

ಸಂಜೆ ನಾಲ್ಕಕ್ಕೆ ಕಾರಂಜಿ ಕೆರೆ. ಚಾಮುಂಡಿ ಬೆಟ್ಟದ ತಪ್ಪಲಲ್ಲಿ, 1892ರಲ್ಲಿ ಸ್ಥಾಪನೆಯಾದ ಚಾಮರಾಜೇಂದ್ರ ಮೃಗಾಲಯದ ಮಗ್ಗುಲಲ್ಲೇ ಇದೆ. ಇಂದು ಬಂದವರು ದೋಣಿ ಹತ್ತುತ್ತಾರೆ, ಪಾತರಗಿತ್ತಿ ಉದ್ಯಾನ ನೋಡುತ್ತಾರೆ, ಬಲೆಯ ಚಪ್ಪರದೊಳಗೆ ಹಕ್ಕಿಗಳ ನಡುವೆಯೇ ನಡೆದಾಡುತ್ತಾರೆ. ದಂಡೆಯ ಪ್ರಾಕೃತಿಕ ವಿಜ್ಞಾನ ಸಂಗ್ರಹಾಲಯ 1995ರಿಂದ ಇದೆ. ವಿದ್ಯಾರ್ಥಿಗಳು ಒಂದು ಗಂಟೆ ಮೀಸಲಿಡಬೇಕಾದ ಜಾಗ.

ಒಂದು ಕಾಲದಲ್ಲಿ ಈ ಕೆರೆಗೆ ಊರಿನ ಕೊಳಚೆ ಸೇರಿ ಯಾರೂ ಹತ್ತಿರ ಸುಳಿಯದಂತಾಗಿತ್ತು. ಮೃಗಾಲಯದ ಉಸ್ತುವಾರಿಗೆ ಬಂದ ಮೇಲೆ, ಕೊಳಚೆ ತಡೆದು ಹೂಳು ತೆಗೆದು ಇದನ್ನು ಮತ್ತೆ ಬದುಕಿಸಿದರು. ಹಕ್ಕಿಗಳು ತಾವಾಗಿ ಮರಳಿದವು. “ಕೆಟ್ಟ ಕೆರೇನ ಮುಚ್ಚೋದೊಂದೇ ದಾರಿ ಅಲ್ಲ ಅಂತ ನಾನು ಭಾಷಣ ಮಾಡಲ್ಲ. ಇದೇ ಮಾಡತ್ತೆ” ಎಂದರು ಭಾವ. ನೀರಿನ ಮೇಲೆ ಚಾಮುಂಡಿ ಬೆಟ್ಟದ ನೆರಳು ಅಲುಗಾಡುತ್ತಿತ್ತು. ಮಗಳ ಪುಸ್ತಕದಲ್ಲಿ ಹಕ್ಕಿಗಳ ಸಂಖ್ಯೆ ಮೂವತ್ತೊಂದಕ್ಕೆ ಬಂದು ನಿಂತಿತು.

ಹೆಸರಿನಲ್ಲಿ ಉಳಿದ ಕೆರೆ

ಕತ್ತಲಾಗುವ ಹೊತ್ತಿಗೆ ಮತ್ತೆ ಅರಮನೆಯ ಬಳಿ ಬಂದೆವು. ಭಾನುವಾರವಾದ್ದರಿಂದ ದೀಪಾಲಂಕಾರ ಇತ್ತು. ಜನಜಂಗುಳಿ. ಕಡಲೆಕಾಯಿ, ಚುರುಮುರಿ, ಬಲೂನು. ಏಳು ಗಂಟೆಗೆ ಒಮ್ಮೆಲೇ ಸುಮಾರು ಒಂದು ಲಕ್ಷ ದೀಪಗಳು ಹೊತ್ತಿಕೊಂಡಾಗ ಸಾವಿರಾರು ಬಾಯಿಗಳಿಂದ ಒಂದೇ ಉದ್ಗಾರ. ಮೈಸೂರಿನ ಬೆಳಕಿಗೂ ಮೂಲ ಕಾವೇರಿಯೇ. ಶಿವನಸಮುದ್ರದಲ್ಲಿ 1902ರಲ್ಲಿ ನೀರಿನಿಂದ ವಿದ್ಯುತ್ ತಯಾರಾಗಿ ಮೊದಲು ಕೋಲಾರದ ಚಿನ್ನದ ಗಣಿಗೆ, 1905ರಲ್ಲಿ ಬೆಂಗಳೂರಿಗೆ, ಆಮೇಲೆ ಮೈಸೂರಿಗೆ ಬಂತು. ಅರಮನೆ ಬೇರೆ ಥರ ಕಾಣತ್ತೆ ಎಂದು ಭಾವ ಹೇಳಿದ್ದು ಇದಕ್ಕೇ ಇರಬೇಕು.

“ಮಾವ, ಆ ದೊಡ್ಡಕೆರೆ ಈಗೆಲ್ಲಿ?” ಮಗಳು ಕೇಳಿದಳು.

ಭಾವ ಅರಮನೆಯ ಎದುರಿಗೆ ಕೈ ತೋರಿಸಿದರು. ದಸರಾ ವಸ್ತುಪ್ರದರ್ಶನ ನಡೆಯುವ ಜಾಗ. ಹೆಸರು ದೊಡ್ಡಕೆರೆ ಮೈದಾನ. ಊರು ಬೆಳೆದಂತೆ ಕೆರೆ ಮುಚ್ಚಿ ಮೈದಾನವಾಯಿತು. ಸ್ವಾತಂತ್ರ್ಯ ಚಳವಳಿಯ ಸಭೆಗಳಿಗೆ ಹೆಸರಾದ ಸುಬ್ಬರಾಯನಕೆರೆಯೂ ಹೀಗೇ, ಕೆರೆ ಹೋಗಿ ಹೆಸರಷ್ಟೇ ಉಳಿದಿದೆ.

ಮಗಳು ಬಹಳ ಹೊತ್ತು ಆ ಕಡೆ ನೋಡುತ್ತಿದ್ದಳು. ಆಮೇಲೆ ನನ್ನ ಪಕ್ಕ ಬಂದು ಮೆಲ್ಲಗೆ, “ಅಪ್ಪಾ, ಆ ಅರ್ಜಿ ಕೊಟ್ಟಾಯ್ತಾ?” ಎಂದಳು.

“ಇನ್ನೂ ಇಲ್ಲ. ಇನ್ನೂರ ಅರವತ್ತು ಸಹಿ ಆಗಿದೆ.”

“ಅಕ್ಷರ ನಂದು” ಎಂದಳು. ಅಷ್ಟೇ.

ಊರಿಗೆ ಬಂದ ಮೇಲೆ ಸಂಘದ ಸಭೆಯಲ್ಲಿ ಎದ್ದು ನಿಂತು ನನ್ನ ಸಹಿ ಹೊಡೆದುಹಾಕಿ ಎಂದೆ. ಸುಲಭವಾಗಿರಲಿಲ್ಲ. ಎದುರು ಮನೆಯವರು ಒಂದು ತಿಂಗಳು ಮಾತು ಬಿಟ್ಟರು. “ನಿಮ್ಮ ಮಕ್ಕಳು ದೊಡ್ಡೋರಾದ್ರು, ನಮ್ಮೋರು ಎಲ್ಲಿ ಆಡಬೇಕು?” ಎಂಬ ಪ್ರಶ್ನೆಗೆ ನನ್ನಲ್ಲಿ ಪೂರ್ತಿ ಉತ್ತರವಿರಲಿಲ್ಲ. ಮಗಳು ಇನ್ನೊಂದು ಅರ್ಜಿ ಬರೆದಳು. ಚರಂಡಿ ನೀರು ಕೆರೆಗೆ ಬರದಂತೆ ತಿರುಗಿಸಿ, ಕಸ ತೆಗೆಸಿ, ಮೈದಾನಕ್ಕೆ ಬಡಾವಣೆಯ ಇನ್ನೊಂದು ತುದಿಯ ಖಾಲಿ ಜಾಗ ಕೊಡಿ ಎಂದು. ಅದಕ್ಕೆ ಮೊದಲ ದಿನ ಬಿದ್ದದ್ದು ಹನ್ನೊಂದು ಸಹಿ. ಎರಡೂ ಅರ್ಜಿಗಳು ಪುರಸಭೆಗೆ ಹೋದವು. ಎರಡರ ಮೇಲೂ ತೀರ್ಮಾನ ಬಂದಿಲ್ಲ.

ಆ ವರ್ಷದ ಮಳೆಗಾಲದಲ್ಲಿ ಕೆರೆಗೆ ನೀರು ಬಂತು. ಒಂದು ಬೆಳಿಗ್ಗೆ ಮಗ ಓಡಿಬಂದು ನನ್ನನ್ನು ಮಹಡಿಗೆ ಎಳೆದುಕೊಂಡು ಹೋದ. ಕೆರೆಯ ಅಂಚಿನ ಕೆಸರಿನಲ್ಲಿ ನಾಲ್ಕು ಬಾಯ್ಕಳಕಗಳು ತಲೆ ತಗ್ಗಿಸಿ ಬಸವನಹುಳು ಹುಡುಕುತ್ತಿದ್ದವು. ಎದುರು ಮನೆಯ ಪುಟ್ಟ ಹುಡುಗ ಏರಿಯ ಮೇಲೆ ನಿಂತು ನೋಡುತ್ತಿದ್ದ. ಅದರ ಹೆಸರೇನು ಎಂದು ಅವನು ಕೂಗಿ ಕೇಳಿದ. ನನ್ನ ಮಗ ಹೇಳಿದ.

ಹೋಗುವವರಿಗೆ

ಬೆಂಗಳೂರು, ಹಾಸನ, ತುಮಕೂರುಗಳಿಂದ ಮೈಸೂರಿಗೆ ಬಸ್ಸು, ರೈಲುಗಳಿಗೆ ಕೊರತೆಯಿಲ್ಲ. ಕುಕ್ಕರಹಳ್ಳಿ ಕೆರೆಗೆ ಬೆಳಿಗ್ಗೆ ಹೋಗುವುದು ಒಳ್ಳೆಯದು. ರಂಗನತಿಟ್ಟಿಗೂ ಬಿಸಿಲೇರುವ ಮುನ್ನವೇ ಹೋಗಿ. ಜನವರಿಯಿಂದ ಬೇಸಿಗೆಯವರೆಗೆ ಗೂಡುಗಳನ್ನು ನೋಡಬಹುದು. ಮಳೆಗಾಲದಲ್ಲಿ ನದಿ ತುಂಬಿದರೆ ದೋಣಿ ಇರುವುದಿಲ್ಲ, ವಿಚಾರಿಸಿಕೊಂಡು ಹೊರಡಿ. ಮೃಗಾಲಯ ಮತ್ತು ಕಾರಂಜಿ ಕೆರೆಗೆ ಮಂಗಳವಾರ ರಜೆ. ಅರಮನೆಯ ದೀಪಾಲಂಕಾರ ಭಾನುವಾರ ಮತ್ತು ಸಾರ್ವಜನಿಕ ರಜಾದಿನಗಳ ಸಂಜೆ. ಬೆಂಗಳೂರಿಗೆ ಮರಳುವವರು ಬಿಡುವಿದ್ದರೆ ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿಗೂ ಹೋಗಿಬನ್ನಿ. ಅಲ್ಲಿ ಹೆಜ್ಜಾರ್ಲೆಗಳು ಊರಿನೊಳಗಿನ ಮರಗಳಲ್ಲೇ ಗೂಡು ಕಟ್ಟುತ್ತವೆ. ದುರ್ಬೀನು ಸಿಕ್ಕರೆ ಒಯ್ಯಿರಿ. ಹಕ್ಕಿಗಳ ಹೆಸರು ಬರೆದುಕೊಳ್ಳಲು ಮಕ್ಕಳ ಕೈಗೆ ಒಂದು ಪುಸ್ತಕ, ಪೆನ್ಸಿಲ್ ಕೊಡುವುದನ್ನು ಮರೆಯಬೇಡಿ.